ಕರೆ ಎತ್ತಿಕೊಂಡ ಕಾರು

ಮೊದಲ ಸಲ ಆಸ್ಪತ್ರೆಯಿಂದ ಫೋನು ಬಂದಾಗ ಸೊಸೆ ಸೇತುವೆಯ ಮೇಲಿದ್ದಳು. ಹಿಂದಿನ ಸೀಟಿನಲ್ಲಿ, ರಕ್ತದ ಸೀಸೆಗಳನ್ನಿಡುವ ತಂಪು ಪೆಟ್ಟಿಗೆಯ ಪಕ್ಕ, ಅವಳ ಚೀಲದೊಳಗೆ ಅದು ಹೊಡೆದುಕೊಳ್ಳುತ್ತಲೇ ಇತ್ತು. ಹಿಂದೊಂದು ಲಾರಿ, ಮುಂದೊಂದು ಲಾರಿ, ನಿಲ್ಲಿಸಲು ಜಾಗವಿಲ್ಲ. ಕೈ ಹಿಂದಕ್ಕೆ ಚಾಚಿ ಚೀಲ ಎಳೆದುಕೊಳ್ಳೋಣವೆಂದರೆ, ಕಾರು ಓಡಿಸುತ್ತಾ ಫೋನು ಹಿಡಿದದ್ದಕ್ಕೆ ಪೊಲೀಸರು ಅವಳನ್ನು ಆಗಲೇ ಒಮ್ಮೆ ಹಿಡಿದಿದ್ದರು. ಇನ್ನೊಮ್ಮೆ ಸಿಕ್ಕಿದರೆ ಲೈಸೆನ್ಸು ಹೋಗುತ್ತದೆ. ಲೈಸೆನ್ಸು ಹೋದರೆ ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವ ಅವಳ ಕೆಲಸ ಹೋಗುತ್ತದೆ, ಗಂಡನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ದಾರಿಯೂ ಮುಚ್ಚುತ್ತದೆ. ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳಬಾರದು ಎಂಬುದೂ ಅದೇ ಕಾನೂನು.

ಸೇತುವೆ ಇಳಿದು, ಪೆಟ್ರೋಲ್ ಬಂಕಿನ ಮುಂದೆ ನಿಲ್ಲಿಸಿ, ಅವಳು ತಿರುಗಿ ಫೋನು ಮಾಡುವಷ್ಟರಲ್ಲಿ ನನ್ನ ಮಗನಿಗೆ ಬರಬೇಕಾಗಿದ್ದ ಮೂತ್ರಪಿಂಡ ಪಟ್ಟಿಯಲ್ಲಿ ಅವನ ಹಿಂದಿದ್ದವರಿಗೆ ಹೋಗಿತ್ತು. ಮಗನಿಗೂ ಫೋನು ಮಾಡಿದ್ದರಂತೆ. ಅವನು ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಿದ್ದ; ಅಲ್ಲಿ ಒಳಗೆ ಹೋಗುವಾಗ ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಸುತ್ತಾರೆ.

ಅವಳು ಮನೆಗೆ ಬಂದು ಬಾಗಿಲಲ್ಲೇ ಕುಸಿದು ಕೂತಳು. ಮಗ ಗೋಡೆ ಹಿಡಿದು ಬಂದು ಅವಳ ಪಕ್ಕ ಕೂತ.

"ಹೋಗ್ಲಿ ಬಿಡೆ. ಯಾರೋ ಪುಣ್ಯಾತ್ಮ ಇವತ್ತು ಹೊಟ್ಟೆ ತುಂಬ ನೀರು ಕುಡಿದು ಉಚ್ಚೆ ಹೊಯ್ತಾನೆ. ನನ್ನ ಪರವಾಗಿ."

"ನಿಮ್ಗೆ ಎಲ್ಲಾದ್ರಲ್ಲೂ ತಮಾಷೆ," ಎಂದು ಅವಳು ಅವನ ಹೆಗಲಿಗೆ ಗುದ್ದಿದಳು. ಆಮೇಲೆ ಆ ಹೆಗಲಿನ ಮೇಲೇ ಮುಖವಿಟ್ಟು ಅತ್ತಳು.

ಅವನು ಬಡಗಿ. ಈ ಊರಿನ ಎಷ್ಟೋ ಮನೆಗಳ ಬಾಗಿಲು ಕಿಟಕಿ ಅವನ ಕೈಯವು. ಈಗ ಆ ಕೈಗಳಲ್ಲಿ ಸೂಜಿ ಚುಚ್ಚಲು ಒಳ್ಳೆಯ ನರ ಉಳಿದಿಲ್ಲ. ಹೀಗೇ ಆದರೆ ಇನ್ನು ಹೆಚ್ಚು ಕಾಲ ನಡೆಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ನನ್ನದನ್ನು ಕೊಡುತ್ತೇನೆಂದರೆ ನನಗೆ ವಯಸ್ಸಾಯಿತು, ಸಕ್ಕರೆ ಬೇರೆ. ಸೊಸೆಯದು ಹೊಂದಲಿಲ್ಲ. ಉಳಿದದ್ದು ಆ ಪಟ್ಟಿ, ಮತ್ತು ಪಟ್ಟಿ ನೋಡಿಕೊಳ್ಳುವ ಆಸ್ಪತ್ರೆಯ ಹೆಂಗಸು. ಅವರನ್ನು ನಾವು ಕಂಡದ್ದು ಕಡಿಮೆ, ಅವರ ಮಾತು ಆಡದ ದಿನವಿಲ್ಲ. ಮಗ ಅವರಿಗೆ ಪಟ್ಟಿ ಮೇಡಂ ಎಂದು ಹೆಸರಿಟ್ಟಿದ್ದ.

ಮಾರನೆಯ ದಿನವೇ ಸೊಸೆ ಕಾರನ್ನು ರೇಡಿಯೋ ರಿಪೇರಿಯವನ ಬಳಿಗೆ ಒಯ್ದಳು. ನಾನೂ ಜೊತೆಗೆ ಹೋದೆ. ಗ್ಯಾರೇಜುಗಳ ಸಾಲಿನ ತುದಿಯಲ್ಲಿ ಅವನದೊಂದು ಕಿರಿದಾದ ಅಂಗಡಿ. ಗೋಡೆಯ ತುಂಬ ಸ್ಪೀಕರುಗಳು, ನೆಲದ ತುಂಬ ವೈರಿನ ತುಂಡುಗಳು. ಎಲ್ಲರೂ ಅವನನ್ನು ಸೌಂಡು ಎಂದೇ ಕರೆಯುತ್ತಿದ್ದರು. ಮಾತಾಡುವುದು ಮಾತ್ರ ಗುಟ್ಟು ಹೇಳುವವನ ಹಾಗೆ, ಪಿಸುದನಿಯಲ್ಲಿ.

ಅವನು ಕಾರನ್ನು ಒಂದು ಸುತ್ತು ಹಾಕಿ, ಬಾಗಿಲು ತೆರೆದು, ಕ್ಯಾಸೆಟ್ ಹಾಕುವ ಬಾಯಿಗೆ ಬೆರಳು ತೂರಿಸಿ ನೋಡಿದ.

"ಇದಕ್ಕೆ ಬ್ಲೂಟೂತಾ? ಇದು ಹುಟ್ಟಿದಾಗ ಫೋನಿಗೇ ಬಾಲ ಇತ್ತಲ್ಲಕ್ಕಾ."

"ನಾನು ಹುಟ್ಟಿದಾಗ ನಮ್ಮನೇಲಿ ಫೋನೇ ಇರ್ಲಿಲ್ಲ. ನಂಗೂ ಒಂದು ಕೂರಿಸಿಬಿಡಪ್ಪ," ಎಂದೆ.

ಅವನು ನಕ್ಕ. ಸೊಸೆ ನಗಲಿಲ್ಲ.

ಹೊಸ ಸ್ಟೀರಿಯೋ ಹಾಕಿಸಬಹುದು, ಇಲ್ಲವಾದರೆ ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಬಹುದು ಎಂದು ಅವನು ವಿವರಿಸಿದ. ಪೆಟ್ಟಿಗೆಗೆ ತನ್ನದೇ ಸ್ಪೀಕರು, ತನ್ನದೇ ಮೈಕು. ಫೋನು ಚೀಲದಲ್ಲೇ ಇರಲಿ, ಕರೆ ಬಂದರೆ ಪೆಟ್ಟಿಗೆ ರಿಂಗಾಗುತ್ತದೆ, ಒಂದು ಗುಂಡಿ ಒತ್ತಿ ಮಾತಾಡಿದರಾಯಿತು. ಸೊಸೆ ಪೆಟ್ಟಿಗೆಯೇ ಸಾಕೆಂದಳು. ಅವನು ಬೋನೆಟ್ಟಿನ ಹಿಂದಿನಿಂದ ವೈರು ಎಳೆದು, ಮಂಡಿಯೂರಿ, ಪೆಡಲುಗಳ ಕೆಳಗೆ ತಲೆ ತೂರಿಸಿ ಕೆಲಸ ಮಾಡಿದ. ನನಗೆ ಕೂರಲೆಂದು ಕಾರಿನದೇ ಒಂದು ಹಳೆಯ ಸೀಟನ್ನು ಬಟ್ಟೆಯಿಂದ ಒರೆಸಿ ಬಾಗಿಲಲ್ಲಿ ಹಾಕಿಕೊಟ್ಟಿದ್ದ.

ಮುಗಿದ ಮೇಲೆ ಸೊಸೆ ಕಾರನ್ನು ಆರಿಸಿ ಮತ್ತೆ ಚಾಲೂ ಮಾಡಿದಳು. ಪೆಟ್ಟಿಗೆಯ ದೀಪ ಮಿಣುಕಿತು. ಮಿಣುಕುತ್ತಲೇ ಇತ್ತು. ಕೊನೆಗೆ ಒಂದು ಸಣ್ಣ ಸದ್ದಾಗಿ ಫೋನಿಗೆ ಅಂಟಿಕೊಂಡಿತು.

"ಇಷ್ಟು ಹೊತ್ತು ಬೇಕಾ?"

"ಪ್ರತಿ ಸಲ ಹುಡುಕ್ಕೋಬೇಕಲ್ಲಕ್ಕಾ. ಕೀ ಆಫ್ ಆದ್ರೆ ಅದೂ ಆಫು."

"ನಾನು ಹತ್ತು ಮನೆ ಮುಂದೆ ನಿಲ್ಲಿಸ್ತೀನಿ. ಹತ್ತು ಸಲ ಹುಡುಕ್ಕೋತಾ ಕೂತ್ಕೊಳ್ಳತ್ತಾ ಇದು? ಆ ಹೊತ್ತಲ್ಲೇ ಅವ್ರು ಫೋನ್ ಮಾಡಿದ್ರೆ? ಕೀ ಆಫ್ ಮಾಡಿದ್ರೂ ಇದು ಆನ್ ಇರ್ಬೇಕು. ಹಾಗೆ ಮಾಡಿಕೊಡಿ."

"ಸೀದಾ ಬ್ಯಾಟರಿಗೆ ಕೊಡ್ಬೇಕಾಗತ್ತೆ. ಬ್ಯಾಟರಿ ಇಳಿದುಹೋದ್ರೆ ನನ್ನ ಬೈಬೇಡಿ."

"ದಿನಾ ಓಡ್ಸೋ ಕಾರು. ಇಳಿಯಲ್ಲ. ಕೊಡಿ. ಮತ್ತೆ ಆ ಗುಂಡಿ ಒತ್ತೋದೂ ಬೇಡ. ತಾನೇ ಎತ್ಕೊಳ್ಳೋ ಹಾಗೆ ಆಗತ್ತಾ?"

"ಆಗತ್ತೆ. ಎರಡು ರಿಂಗಿಗೆ ತಾನೇ ಎತ್ಕೊಳ್ಳತ್ತೆ."

"ಒಂದಕ್ಕೆ ಆಗಲ್ವಾ?"

ಅವನು ನನ್ನ ಕಡೆ ನೋಡಿದ. ಸೊಸೆಯ ದನಿಯಲ್ಲಿದ್ದ ಏನೋ ಒಂದು ಅವನಿಗೆ ತಟ್ಟಿರಬೇಕು. ಯಾರ ಫೋನು, ಏನು ಎಂದು ಕೇಳಲಿಲ್ಲ. ಮೈಕನ್ನು ಸ್ಟೀರಿಂಗಿನ ಬಳಿಯಿಂದ ಬಿಚ್ಚಿ, ಉದ್ದದ ವೈರು ಜೋಡಿಸಿ, ಚಾವಣಿಯ ನಡುವೆ ಅಂಟಿಸಿದ. "ಯಾರು ಎಲ್ಲೇ ಕೂತಿದ್ರೂ ಕೇಳತ್ತೆ. ಅಜ್ಜಿ ಹಿಂದೆ ಕೂತ್ಕೊಂಡು ಬೈದ್ರೂ ಕೇಳತ್ತೆ." ಪರೀಕ್ಷೆಗೆಂದು ನಾನು ಅಂಗಡಿಯ ಬಾಗಿಲಲ್ಲಿ ನಿಂತು ಸೊಸೆಗೆ ಫೋನು ಮಾಡಿದೆ.

"ಅತ್ತೆ, ಏನಾದ್ರೂ ಮಾತಾಡಿ."

"ಏನು ಮಾತಾಡ್ಲೇ?"

"ಅದೇ ಸಾಕು," ಎಂದಳು. ಕಾರಿನೊಳಗಿಂದ ನನ್ನದೇ ದನಿ, ಡಬ್ಬದಲ್ಲಿ ಕೂತ ಮುದುಕಿಯ ದನಿ, ರಸ್ತೆಗೆಲ್ಲ ಕೇಳಿಸಿತು. ಬಹಳ ದಿನದ ಮೇಲೆ ಸೊಸೆಯ ಮುಖ ಸ್ವಲ್ಪ ಸಡಿಲವಾಯಿತು.

ಅವಳು ಬ್ಯಾಟರಿಯ ಚಿಂತೆಯೊಂದನ್ನು ಹಚ್ಚಿಕೊಂಡಳು. ರಜೆಯ ದಿನವೂ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬರುವಳು. ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ನಮ್ಮನ್ನು ಕೆಡಿಸಿದ್ದು ಆ ಗಟ್ಟಿತನವೇ. ನಮ್ಮ ಮನೆ ರಸ್ತೆಗೆ ಅಂಟಿಕೊಂಡಿದೆ. ಕಾರು ನಿಲ್ಲುವುದು ಮಲಗುವ ಕೋಣೆಯ ಕಿಟಕಿಯ ಕೆಳಗೆ. ಆ ಕಿಟಕಿಯ ಹಲಗೆಯ ಮೇಲೆಯೇ ಸೊಸೆ ಫೋನು ಚಾರ್ಜಿಗಿಡುವುದು, ಸಿಗ್ನಲ್ ಅಲ್ಲೇ ಚೆನ್ನ ಎಂದು. ಗೋಡೆಯ ಒಳಗೆ ಫೋನು, ಹೊರಗೆ ಎಂದೂ ನಿದ್ದೆ ಮಾಡದ ಆ ಪೆಟ್ಟಿಗೆ. ಅವೆರಡೂ ಮನೆಯಲ್ಲಿಯೂ ಕೈ ಹಿಡಿದುಕೊಂಡೇ ಇರುತ್ತವೆಂದು ನಮಗಾರಿಗೂ ಹೊಳೆಯಲಿಲ್ಲ. ಸೌಂಡುವಿಗೂ ಹೊಳೆದಿರಲಿಲ್ಲ, ಅವನು ನಮ್ಮ ಮನೆ ನೋಡಿದವನಲ್ಲ. ಸೊಸೆ ಮನೆಯಲ್ಲಿದ್ದಾಗ ಫೋನು ಸದಾ ಅವಳ ಕೈಗೆಟಕುವಲ್ಲೇ ಇರುತ್ತಿತ್ತು, ರಿಂಗಾದ ಕೂಡಲೇ ಎತ್ತಿಬಿಡುತ್ತಿದ್ದಳು. ಹಾಗಾಗಿ ಗೊತ್ತಾಗಲು ಸಂದರ್ಭವೂ ಬಂದಿರಲಿಲ್ಲ.

ಆ ಮಧ್ಯಾಹ್ನ ಅವಳು ಕೆಲಸ ಮುಗಿಸಿ ಬಂದು ಸ್ನಾನಕ್ಕೆ ಹೋದಳು. "ಅತ್ತೆ, ಫೋನ್ ಕಿಟಕೀಲಿದೆ, ಕಿವಿ ಇಟ್ಟಿರಿ," ಎಂದಳು. ಮಗ ಹಿಂದಿನ ದಿನದ ಡಯಾಲಿಸಿಸ್‌ನ ಆಯಾಸಕ್ಕೆ ಮಲಗಿದ್ದ. ನಾನು ಮನೆಯ ಮುಂದೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಒಳಗೆ ಫೋನು ರಿಂಗಾಯಿತು. ಬಟ್ಟೆ ಬಿಟ್ಟು ಎರಡು ಹೆಜ್ಜೆ ಇಟ್ಟೆ, ನಿಂತಿತು. ಮಗ ಎತ್ತಿಕೊಂಡ ಎಂದುಕೊಂಡೆ. ಅವನು ನಿದ್ದೆಗಣ್ಣಿನಲ್ಲಿ ಹೆಂಡತಿ ಎತ್ತಿಕೊಂಡಳು ಎಂದುಕೊಂಡು ಮಗ್ಗುಲಾಗಿದ್ದನಂತೆ.

ಆಗ ನನ್ನ ಬೆನ್ನ ಹಿಂದೆ ಒಂದು ಹೆಣ್ಣುದನಿ, "ಹಲೋ," ಎಂದಿತು.

ತಿರುಗಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

"ಹಲೋ? ಕೇಳಿಸ್ತಾ ಇದ್ಯಾ? ಆಸ್ಪತ್ರೆಯಿಂದ ಮಾತಾಡ್ತಿರೋದು."

ಬೀಗ ಹಾಕಿದ ಖಾಲಿ ಕಾರಿನೊಳಗಿಂದ ಪಟ್ಟಿ ಮೇಡಂ ಮಾತಾಡುತ್ತಿದ್ದರು.

ನನ್ನ ಕೈಯಲ್ಲಿದ್ದ ಬಟ್ಟೆ ಎಲ್ಲಿ ಬಿತ್ತೋ ತಿಳಿಯದು. ಬಾಗಿಲು ಜಗ್ಗಿದೆ, ಇನ್ನೊಂದು ಬಾಗಿಲು ಜಗ್ಗಿದೆ. ಕೀಲಿ ಮನೆಯೊಳಗೆ ಎಲ್ಲಿಯೋ ಸೊಸೆಯ ಚೀಲದಲ್ಲಿ. ಒಳಗೆ ಓಡಿಹೋಗಿ ಫೋನನ್ನೇ ಕೈಗೆತ್ತಿಕೊಂಡಿದ್ದರೆ ಆಗುತ್ತಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಆ ಕ್ಷಣದಲ್ಲಿ ನನಗೆ ದನಿ ಇದ್ದದ್ದು ಕಾರಿನಲ್ಲಿ. ಅದನ್ನು ಬಿಟ್ಟು ಹೋದರೆ ಅದು ನಿಂತುಹೋಗುತ್ತದೆ ಎಂಬ ಭಯ.

"ಉತ್ತರ ಬೇಕು ನಂಗೆ. ಹಲೋ? ಯಾರಾದ್ರೂ ಇದೀರಾ?"

"ಇದೀವಿ! ಇದೀವಿ!" ಎಂದು ಗಾಜಿಗೆ ಬಡಿದೆ. ಹಿಂದಿನ ಎಡಗಡೆಯ ಕಿಟಕಿ ಎಷ್ಟು ತಿರುವಿದರೂ ಪೂರ್ತಿ ಮೇಲೇರುವುದಿಲ್ಲ, ಮೇಲೆ ಒಂದು ಬೆರಳಿನಷ್ಟು ಸಂದು ಉಳಿಯುತ್ತದೆ. ತುದಿಗಾಲಲ್ಲಿ ನಿಂತು ಆ ಸಂದಿಗೆ ಬಾಯಿಟ್ಟೆ. "ಇಲ್ಲಿದೀವಮ್ಮ! ಫೋನ್ ಇಡಬೇಡಿ!"

"ಯಾರಿದು? ಎಲ್ಲಿದೀರಿ? ಬಾವಿಯೊಳಗಿಂದ ಮಾತಾಡಿದ ಹಾಗಿದೆ."

"ಕಾರಿನ ಹೊರಗಿದೀನಿ! ನಾನು ಅವನ ತಾಯಿ!"

"ಅಜ್ಜಿ, ನಿಧಾನ. ಪೇಷಂಟ್ ಹುಟ್ಟಿದ ತಾರೀಕು ಹೇಳಿ."

ಮಗನ ಹುಟ್ಟಿದ ತಾರೀಕನ್ನು ರಸ್ತೆಯ ನಡುವೆ ನಿಂತು ಕೂಗಿದೆ. ತಿಂಗಳು ಕೂಗಿದೆ, ಇಸವಿ ಕೂಗಿದೆ. ಜ್ವರ ಇದೆಯೇ ಎಂದರು. ಇಲ್ಲ. ಕೆಮ್ಮು? ಇಲ್ಲ. ಕೊನೆಗೆ ಏನು ತಿಂದ, ಎಷ್ಟು ಹೊತ್ತಿಗೆ? ಅರ್ಧ ತುಂಡು ಬ್ರೆಡ್ಡು, ಅದೂ ಬೆಳಿಗ್ಗೆ, ನನ್ನ ಬಲವಂತಕ್ಕೆ. ನನ್ನ ಗಂಟಲು ಹರಿಯುತ್ತಿತ್ತು.

ಎದುರು ಮನೆಯ ದರ್ಜಿ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಓಡಿಬಂದ. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ. "ಮಗು ಒಳಗೆ ಸಿಕ್ಕಿಕೊಂಡಿದ್ಯಾ? ಸರೀರಿ ಅಜ್ಜಿ, ಒಡೀತೀನಿ!"

"ಒಡೀಬೇಡ! ಒಳಗೆ ಹೋಗಿ ಬಚ್ಚಲು ಬಾಗಿಲು ಬಡಿ! ಅವಳನ್ನ ಕರಿ!"

ಹೆಂಗಸು ಸ್ನಾನ ಮಾಡುವ ಬಚ್ಚಲ ಬಾಗಿಲು ಬಡಿ ಎಂದರೆ ಇನ್ನಾರಾದರೂ ಒಂದು ಗಳಿಗೆ ಯೋಚಿಸುತ್ತಿದ್ದರು. ಅವನು ನನ್ನ ಮುಖ ನೋಡಿ ಇಸ್ತ್ರಿ ಪೆಟ್ಟಿಗೆಯನ್ನು ಬೋನೆಟ್ಟಿನ ಮೇಲಿಟ್ಟು ಒಳಗೆ ಓಡಿದ. "ತಂಗೀ, ಬಾರಮ್ಮಾ, ಆಸ್ಪತ್ರೆಯವರು ಕಾರಲ್ಲಿದಾರೆ!" ಎಂದು ಅವನು ಕೂಗುವುದು ಕೇಳಿಸಿತು.

"ಅಜ್ಜಿ, ಇನ್ನೊಂದೇ ಮಾತು," ಎಂದಿತು ಕಾರು. "ಒಂದು ಬಂದಿದೆ. ನಿಮ್ಮ ಮಗನದೇ ಮೊದಲ ಸರದಿ. ನೀವು ಎಷ್ಟು ಬೇಗ..."

ಅಷ್ಟರಲ್ಲಿ ಸೊಸೆ ತಲೆಯಿಂದ ನೀರು ಸುರಿಸುತ್ತಾ ಕಿಟಕಿಯಲ್ಲಿದ್ದ ಫೋನನ್ನು ಕಿತ್ತುಕೊಂಡು ಕಿವಿಗಿಟ್ಟುಕೊಂಡಳು. ಅದರಲ್ಲಿ ಏನೂ ಕೇಳಿಸಲಿಲ್ಲ. ದನಿ ಇದ್ದದ್ದು ಹೊರಗೆ. "ಹಲೋ, ಹಲೋ," ಎಂದು ಒದ್ದೆ ಬೆರಳಿನಿಂದ ಪರದೆಯನ್ನು ಒತ್ತಿದಳು. ಎಲ್ಲಿ ಒತ್ತಿದಳೋ, ಕಾರಿನೊಳಗಿನ ದನಿ ಕತ್ತರಿಸಿದಂತೆ ನಿಂತಿತು.

ನಾನು ಸಂದಿಗೆ ಬಾಯಿಟ್ಟು, "ಬರ್ತೀವಿ! ಬರ್ತೀವಿ!" ಎಂದು ಕೂಗುತ್ತಲೇ ಇದ್ದೆ. ಖಾಲಿ ಸೀಟುಗಳು ಕೇಳಿಸಿಕೊಂಡವು.

ಸೊಸೆ ತಿರುಗಿ ಫೋನು ಮಾಡಿದಳು. ಎಂಗೇಜು. ಮತ್ತೆ ಎಂಗೇಜು. "ಮುಂದಿನವರಿಗೆ ಮಾಡ್ತಿದಾರೆ ಅತ್ತೆ, ಮುಂದಿನವರಿಗೆ ಮಾಡ್ತಿದಾರೆ. ನಾನೇ ಕಟ್ ಮಾಡ್ದೆ. ಎರಡನೇ ಸಲ ನಾನೇ." ಅವಳ ತುಟಿ ನೀಲಿಯಾಗಿತ್ತು. ದರ್ಜಿ ಬಾಗಿಲಲ್ಲಿ ಮುಖ ಗೋಡೆಗೆ ತಿರುಗಿಸಿ ನಿಂತು, ಕೈಯನ್ನು ಹಿಂದಕ್ಕೆ ಚಾಚಿ ಟವೆಲು ಕೊಟ್ಟ.

ಮಗ ಎದ್ದು ಬಂದಿದ್ದ. "ಹೊರಡೋಣ. ಬರ್ಬೇಡ ಅಂತ ಹೇಳಿಲ್ವಲ್ಲ?"

ಅದೊಂದು ಮಾತಿಗೆ ಎಲ್ಲರಿಗೂ ಕಾಲು ಬಂದಂತಾಯಿತು. ದರ್ಜಿ ಮಗನನ್ನು ತೋಳು ಹಿಡಿದು ಕಾರಿಗೆ ಹತ್ತಿಸಿದ, ಮನೆಗೆ ಬೀಗ ತಾನೇ ಹಾಕುತ್ತೇನೆಂದ. ಬೋನೆಟ್ಟಿನ ಮೇಲಿನ ಇಸ್ತ್ರಿ ಪೆಟ್ಟಿಗೆಯನ್ನು ಕಾರು ಹೊರಟ ಮೇಲೆ ಓಡುತ್ತಾ ಬಂದು ತೆಗೆದುಕೊಂಡ.

ದಾರಿಯುದ್ದಕ್ಕೂ ನಾನು ಸೊಸೆಯ ಫೋನನ್ನು ಕೈಯಲ್ಲಿ ಹಿಡಿದು ಒತ್ತುತ್ತಿದ್ದೆ, ಎಂಗೇಜಿನ ಸದ್ದು ಕಾರಿನ ತುಂಬ ಟೂಂ ಟೂಂ ಎನ್ನುತ್ತಿತ್ತು. ಕೆಂಪು ದೀಪದಲ್ಲಿ ನಿಂತಾಗ ಪಕ್ಕದ ಬಸ್ಸಿನ ಡ್ರೈವರು ಸೊಸೆಯ ಒದ್ದೆ ಕೂದಲು, ನನ್ನ ಮುಖ, ಮುಂದೆ ಕಣ್ಣು ಮುಚ್ಚಿ ಕೂತ ಮಗನನ್ನು ನೋಡಿ, ಹಸಿರು ಬಂದೊಡನೆ ಕೈ ಅಡ್ಡ ಹಿಡಿದು ತನ್ನ ಹಿಂದಿನವರನ್ನೆಲ್ಲ ತಡೆದು ನಮ್ಮನ್ನು ಮೊದಲು ಬಿಟ್ಟ. ಅವನಿಗೆ ಏನು ಅನಿಸಿತೋ, ಕೇಳಲು ನಾವು ನಿಲ್ಲಲಿಲ್ಲ.

ಸೇತುವೆಯ ಮೇಲಿದ್ದಾಗ ಪೆಟ್ಟಿಗೆ ರಿಂಗಾಯಿತು, ತಾನೇ ಎತ್ತಿಕೊಂಡಿತು.

"ಆ ಅಜ್ಜಿ ಎಲ್ಲಿ?" ಎಂದರು ಪಟ್ಟಿ ಮೇಡಂ.

"ಇಲ್ಲೇ ಇದೀನಮ್ಮ. ಹೊರಟಾಯ್ತು. ದಾರೀಲಿದೀವಿ." ಕೂಗಿ ಕೂಗಿ ನನ್ನ ದನಿ ಕೂತುಹೋಗಿತ್ತು, ಚಾವಣಿಯ ಮೈಕು ಅಷ್ಟನ್ನೇ ಹೆಕ್ಕಿಕೊಂಡಿತು.

"ಅಬ್ಬ. ಲೈನ್ ಕಟ್ಟಾಯ್ತಲ್ಲ, ನಿಯಮದ ಪ್ರಕಾರ ನಿಮ್ಮ ಹಿಂದಿನವರನ್ನೂ ಕರೆಸಿದೀನಿ. ನಿಮ್ಮ ಸರದಿ ತೆಗೆದಿಲ್ಲ. ಆದ್ರೆ ನೀವು ಬಂದು ರಕ್ತ ಕೊಡ್ಬೇಕು. ಲ್ಯಾಬಿನವರು ಐದು ಗಂಟೆವರೆಗೆ ಕಾಯ್ತಾರೆ. ಅದರ ಮೇಲೆ ಕಾಯಲ್ಲ."

"ಬರ್ತೀವಿ ಮೇಡಂ," ಎಂದಳು ಸೊಸೆ.

"ಸ್ಟೀರಿಂಗ್ ಹಿಡ್ಕೊಂಡಿರೋದು ನೀವಾ? ಹಾಗಾದ್ರೆ ಅಳ್ಬೇಡಿ. ರಸ್ತೆ ನೋಡಿ."

ಐದಕ್ಕೆ ಮುಂಚೆ ಮುಟ್ಟಿದೆವು. ಎಷ್ಟು ಮುಂಚೆ ಎಂದು ನನಗೆ ತಿಳಿಯದು, ಗಡಿಯಾರ ನೋಡುವ ಧೈರ್ಯ ಇರಲಿಲ್ಲ. ಮಗನ ರಕ್ತ ತೆಗೆಯಲು ನರ ಸಿಗದೆ ನರ್ಸು ಒದ್ದಾಡಿದರು. ಸೊಸೆ, "ನಾನು ತೆಗೀಲಾ? ಇದೇ ನನ್ನ ಕೆಲಸ," ಎಂದಳು. ಅವಳ ಒದ್ದೆ ಕೂದಲನ್ನು ನೋಡಿ ನರ್ಸು ಮೆಲ್ಲಗೆ, "ಬೇಡಮ್ಮ, ಇವತ್ತು ನೀವು ಬರೀ ಹೆಂಡತಿ," ಎಂದು ಮತ್ತೆ ಹುಡುಕಿದರು. ಸಿಕ್ಕಿತು.

ಆಮೇಲೆ ಕಾಯುವುದು. ಉದ್ದನೆಯ ಹಸಿರು ಗೋಡೆಯ ಓಣಿ, ಎರಡು ಬೆಂಚು. ಎದುರಿನ ಬೆಂಚಿನಲ್ಲಿ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಜೊತೆಗೆ ಅವಳ ಅಣ್ಣ. ಅವಳ ಕಾಲ ಬಳಿ ಅಚ್ಚುಕಟ್ಟಾಗಿ ಜೋಡಿಸಿದ ಚೀಲ. ಮೇಲೆ ಮಡಿಸಿದ ರಾತ್ರಿಯ ಉಡುಪು, ಹಲ್ಲುಜ್ಜುವ ಬ್ರಷ್ಷು. ಅವಳ ತೋಳಿನಲ್ಲಿಯೂ ನನ್ನ ಮಗನ ತೋಳಿನಲ್ಲಿರುವಂಥದೇ, ಡಯಾಲಿಸಿಸ್ ಸೂಜಿಗೆಂದು ಮಾಡಿಸಿದ ಉಬ್ಬಿದ ನರ. ಯಾರೂ ಹೇಳಬೇಕಾಗಿರಲಿಲ್ಲ. ಇವಳೇ ನಮ್ಮ ಹಿಂದಿನವಳು.

ನಾನು ನೋಡದಿರಲು ಯತ್ನಿಸಿದೆ. ಮನಸ್ಸಿನಲ್ಲಿ ಒಂದೇ ಜಪ, ನನ್ನ ಮಗನದು ಹೊಂದಲಿ, ನನ್ನ ಮಗನದು ಹೊಂದಲಿ. ಅವಳ ಅಣ್ಣನ ತುಟಿಯೂ ಅಲುಗುತ್ತಿತ್ತು. ಅವನು ಒಮ್ಮೆ ಎದ್ದು ಹೋಗಿ ಬಿಸಿ ಚಹಾ ತಂದ. ಎರಡು ಲೋಟ ತಂದಿದ್ದ, ಒಂದನ್ನು ನನ್ನ ಕೈಗಿತ್ತ. ತಂಗಿ ಕುಡಿಯುವ ಹಾಗಿರಲಿಲ್ಲ. ಆ ಲೋಟವನ್ನು ಆರುವವರೆಗೂ ಕೈಯಲ್ಲೇ ಹಿಡಿದು ಕೂತೆ.

ಕತ್ತಲಾಗುವ ಹೊತ್ತಿಗೆ ಡಾಕ್ಟರು ಬಂದರು. ಇಬ್ಬರ ರಕ್ತವೂ ಹೊಂದುತ್ತದೆ ಎಂದರು. ಇಬ್ಬರಿಗೂ ಹೊಂದಿದರೆ ಸರದಿಯಲ್ಲಿ ಮುಂದಿರುವವರಿಗೆ.

ಸೊಸೆ ಮಗನ ಕೈ ಹಿಡಿದು ಎದ್ದಳು. ಗಾಲಿಕುರ್ಚಿ ಬಂತು. ಮಗ ಕೂತು, ನನ್ನ ಕಡೆ ಬಗ್ಗಿ, "ಅಮ್ಮಾ, ಇನ್ನು ನೀನು ಕೂಗೋದು ನಿಲ್ಲಿಸಬಹುದು," ಎಂದ. ನಗಲು ಹೋದ, ಮುಖ ಹೇಳಿದ ಮಾತು ಕೇಳಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಸೊಸೆ ಸಹಿ ಹಾಕಲು ಒಳಗೆ ಹೋದಳು.

ಓಣಿಯಲ್ಲಿ ನಾವು ಮೂವರು ಉಳಿದೆವು. ಅಣ್ಣ ಚೀಲವನ್ನು ಹೆಗಲಿಗೇರಿಸಿದ. ಅವಳು ಹೊರಡುವ ಬದಲು ಬಂದು ನನ್ನ ಪಕ್ಕ ಕೂತಳು.

"ಕಾರಿನ ಕಿಟಕಿಗೆ ಬಾಯಿಟ್ಟು ಮಾತಾಡಿದ್ದು ನೀವೇನಾ ಅಜ್ಜಿ? ಆ ಮೇಡಂ ನಂಗೆ ಹೇಳಿದ್ರು. ನಿಮಗಿಂತ ಮುಂದಿರೋರ ಲೈನ್ ಕಟ್ಟಾಗಿದೆ, ಆದ್ರೆ ಅವರ ತಾಯಿ ಕೂಗ್ತಿದ್ರು, ಬಂದ್ರೂ ಬರ್ಬಹುದು, ಪೂರ್ತಿ ಆಸೆ ಇಟ್ಕೋಬೇಡಿ ಅಂತ."

ನಾನು ಅವಳ ಕೈ ಹಿಡಿದುಕೊಂಡೆ. ಆ ಉಬ್ಬಿದ ನರದೊಳಗೆ ರಕ್ತ ಗುಂಯ್‌ಗುಡುವುದು ನನ್ನ ಬೆರಳಿಗೆ ತಾಗಿತು.

"ನನ್ನ ಹೆಸರು ಇನ್ನೂ ಅಲ್ಲೇ ಇದೆ ಬಿಡಿ, ಎಲ್ಲಿಗೆ ಹೋಗತ್ತೆ," ಎಂದಳು. ಕಣ್ಣು ಒರೆಸಿಕೊಂಡು ಎದ್ದಳು. ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದಳು.

"ಅಜ್ಜಿ, ಅವ್ರು ಹೊರಗೆ ಬಂದಾಗ ಬಾಯಿ ಒಣಗಿ ಹಲಗೆ ಆಗಿರತ್ತೆ. ನೀರು ನೀರು ಅಂತಾರೆ. ನರ್ಸು ಹೇಳೋವರೆಗೂ ಕೊಡ್ಬೇಡಿ, ಎಷ್ಟು ಅತ್ರೂ. ಒಂದು ಬಟ್ಟೆ ಒದ್ದೆ ಮಾಡಿ ತುಟಿಗೆ ಒತ್ತಿ. ಅಷ್ಟೇ ದೊಡ್ಡ ಸುಖ ಅನ್ಸತ್ತೆ."

"ನಿಮಗೆ ಹೇಗೆ..."

"ನಂಗೆ ಮುಂಚೆ ಒಂದು ಹಾಕಿದ್ರು. ಕೆಲವು ವರ್ಷ ಬಂತು," ಎಂದು ಅವಳು ಅಣ್ಣನ ತೋಳು ಹಿಡಿದು ಹೊರಟುಹೋದಳು.

ನನ್ನ ಚೀಲದಲ್ಲಿ ಮಗನ ಕರವಸ್ತ್ರವೊಂದಿತ್ತು. ಓಣಿಯ ತುದಿಯ ನಲ್ಲಿಯಲ್ಲಿ ಅದನ್ನು ಒದ್ದೆ ಮಾಡಿ, ಹಿಂಡಿ, ಮಡಿಸಿ ಅಂಗೈಯಲ್ಲಿಟ್ಟುಕೊಂಡು ಕೂತೆ. ಅದು ಒಣಗಿದಾಗಲೆಲ್ಲ ಎದ್ದು ಹೋಗಿ ಮತ್ತೆ ಒದ್ದೆ ಮಾಡಿಕೊಂಡು ಬಂದೆ.